ಶಾಲೆಯೂ ದಾಸೋಹಭಾವವೂ

ಊರಿನ ಶಾಲೆಗೆ ಊರವರು ನೆರವಾಗಬೇಕೆಂಬುದನ್ನು ಒಪ್ಪದವರಿಲ್ಲ. ಆದರೆ ಆ ನೆರವು ಯಾವ ಭಾವದಿಂದ ಬರತಕ್ಕದ್ದು? ಕೊಠಡಿಯೊಂದನ್ನು ಕಟ್ಟಿಸಿ ಗೋಡೆಯ ಮೇಲೆ ಹೆಸರು ಬರೆಯಿಸಿದೊಡನೆ ಗೃಹಸ್ಥನ ಧರ್ಮವು ಮುಗಿಯಿತೆ? ಸದ್ಭಕ್ತರು ವಿಚಾರಿಸಬೇಕಾದ ಪ್ರಶ್ನೆಯಿದು.

ಶರಣರು ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಕಂಡವರು. ದಾನದಲ್ಲಿ ಕೊಡುವವನ ಕೈ ಮೇಲು, ಕೊಳ್ಳುವವನ ಕೈ ಕೆಳಗು. ‘ನಾನು ಕೊಟ್ಟೆ’ ಎಂಬ ಅಹಂಕಾರವು ಅಲ್ಲಿ ಉಳಿದುಬಿಡುತ್ತದೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ಕಾಯಕದಿಂದ ಬಂದುದು ತನ್ನೊಬ್ಬನದಲ್ಲವೆಂದರಿತು, ಸ್ವೀಕರಿಸಿದವರಿಗೆ ತಾನೇ ಋಣಿಯೆಂದು ಆತನು ಭಾವಿಸುವನು.

ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಜಾತಿಮತಗಳ ಭೇದವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸಿದರು. ಆ ಅನ್ನದ ಹಿಂದೆ ಹಳ್ಳಿಗಳ ರೈತರು ತಂದೊಪ್ಪಿಸಿದ ದವಸಧಾನ್ಯಗಳಿದ್ದವು. ಕರ್ನಾಟಕ ಸರ್ಕಾರವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿ, ಅದಕ್ಕೆ ‘ಅಕ್ಷರ ದಾಸೋಹ’ವೆಂದೇ ಹೆಸರಿಟ್ಟಿತು. ಶರಣರ ಮಾತು ಹೀಗೆ ಶಾಲೆಯ ಅಂಗಳಕ್ಕೆ ಬಂದಿತು.

ಮಾತು ಬಂದರೆ ಸಾಲದು, ಭಾವವೂ ಬರಬೇಕು. ಶಾಲೆಯಲ್ಲಿ ಮಕ್ಕಳೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಆದರೆ ಅಡುಗೆಯ ತಾಯಿಯ ಕುಲವನ್ನು ಕೇಳಿ, ‘ಆ ಕೈಯ ಅನ್ನ ಬೇಡ’ ಎಂದು ಮಗುವಿಗೆ ಮನೆಯಲ್ಲಿ ಹೇಳಿಕೊಡುವವರು ಇಂದಿಗೂ ಇಲ್ಲದಿಲ್ಲ. ಇಷ್ಟಲಿಂಗವನ್ನು ಧರಿಸಿದವರ ಬಾಯಿಂದ ಅಂಥ ಮಾತು ಬರುವುದಾದರೆ ಅದಕ್ಕಿಂತ ದೊಡ್ಡ ಭವಿತನವಾವುದು? ಉಪಾಧ್ಯಾಯರು ಒಂದು ವರ್ಷ ಕಲಿಸಿದ ಸಮತೆಯನ್ನು ಮನೆಯ ಒಂದು ಮಾತು ಕೆಡಿಸಬಲ್ಲದು.

‘ತೆರಿಗೆ ಕೊಟ್ಟಿದ್ದೇವೆ, ಉಪಾಧ್ಯಾಯರಿಗೆ ಸಂಬಳವಿದೆ, ಇನ್ನು ನಮ್ಮದೇನು?’ ಎಂದು ಕೆಲವರು ಕೇಳಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯು ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನಗಳನ್ನು ತಂದೆತಾಯಿಗಳಿಗೂ ಪೋಷಕರಿಗೂ ಕೊಟ್ಟಿದೆ. ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿದೆ. ಕಾಯಿದೆಯು ಪೀಠವನ್ನು ಹಾಕಬಲ್ಲದು, ಕುಳಿತುಕೊಳ್ಳುವವರನ್ನು ತರಲಾರದು. ಕುಳಿತವರೂ ಅಧಿಕಾರ ನಡೆಸಲು ಬಂದೆವೆಂದು ಬಗೆದರೆ ಫಲವಿಲ್ಲ. ಉಪಾಧ್ಯಾಯರ ಕಷ್ಟವೇನು, ಯಾವ ಮಗು ಏಕೆ ಬರಲಿಲ್ಲ ಎಂದು ವಿಚಾರಿಸುವುದೇ ಅಲ್ಲಿಯ ಕಾಯಕ. ಉಪಾಧ್ಯಾಯರೂ ಆ ಮಗುವಿನ ಮನೆಯ ಬಾಗಿಲವರೆಗೆ ಹೋಗಿಬರಬೇಕು.

ಇದಕ್ಕೆ ಸಿರಿತನ ಬೇಡ. ಸುಗ್ಗಿಯ ದಿನವೂ ಮಗುವನ್ನು ಹೊಲಕ್ಕೆ ಕರೆಯದೆ ಶಾಲೆಗೆ ಕಳುಹುವ ರೈತನು ದಾಸೋಹಿ. ತನಗೆ ಓದು ಬಾರದಿದ್ದರೂ ಸಂಜೆ ದೀಪದ ಬಳಿ ಕುಳಿತು ಮಗುವಿನ ಓದನ್ನು ಆಲಿಸುವ ತಾಯಿಯೂ ದಾಸೋಹಿ.

ಕೊನೆಯದಾಗಿ ಒಂದು ಒರೆಗಲ್ಲು. ನಮ್ಮ ಮಕ್ಕಳು ಪಟ್ಟಣದ ಶಾಲೆಗೆ ಹೋಗುತ್ತಿರಲಿ. ಊರ ಶಾಲೆಯಲ್ಲಿ ಉಳಿದವರು ಬಡವರ ಮಕ್ಕಳೇ ಆಗಿರಲಿ. ಆಗಲೂ ಆ ಶಾಲೆಯ ಮಾಡು ಸೋರಿದರೆ ನಮಗೆ ನಿದ್ರೆ ಬಾರದೆ ಇದ್ದೀತೆ? ಅದನ್ನು ಪ್ರತಿಯೊಬ್ಬರೂ ತಮ್ಮ ಅಂತರಂಗವನ್ನೇ ಕೇಳಿಕೊಳ್ಳಲಿ. ಅನ್ಯರ ಮಗುವಿಗಾಗಿ ನೊಂದಲ್ಲಿ ಅದು ದಾಸೋಹ. ಅದಿಲ್ಲದೆ ಕೊಟ್ಟುದೆಲ್ಲವೂ ಬರಿಯ ದಾನ.