ಅಲಂಕಾರದ ಋಣ

ಓಕಳಿಪುರಂನಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ಈಚೆಗೆ ಒಂದು ಸಣ್ಣ ವಿವಾದವು ಹುಟ್ಟಿತು. ಹಿರಿಯರ ಪೆಟ್ಟಿಗೆಯಿಂದ ಬೆಳ್ಳಿಯ ಟೀ ಪಾತ್ರೆಯೊಂದು ಹೊರಬಂದಿತು. ಅದರ ಮೈಸುತ್ತಲೂ ದಶಾವತಾರದ ಮೂರ್ತಿಗಳು ಉಬ್ಬುಗೆಲಸದಲ್ಲಿ ಮೂಡಿವೆ. ಸೊಸೆಯು ಅದರಿಂದ ಅತಿಥಿಗಳಿಗೆ ಕಾಫಿ ಕೊಡಬೇಕೆಂದಳು. "ದೇವರನ್ನು ಎಂಜಲು ಲೋಟಗಳ ಜೊತೆಗೆ ಬಚ್ಚಲಿಗೆ ಹಾಕುವುದೇನಮ್ಮಾ?" ಎಂದರು ಅತ್ತೆಯವರು. "ಪ್ರತಿಷ್ಠೆಯಾಗದ ಮೂರ್ತಿ ಬರಿಯ ಚಿತ್ರವಲ್ಲವೇ, ಅತ್ತೆ? ಇಷ್ಟು ಅಂದವಾದುದನ್ನು ಕತ್ತಲೆಯಲ್ಲಿಟ್ಟರೆ ಯಾರಿಗೆ ಪುಣ್ಯ?" ಎಂದಳು ಸೊಸೆ. ತೀರ್ಪಿಗೆ ನನ್ನನ್ನು ಕೇಳಿದರು. ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದ್ದ ನನಗೆ ಆ ದಿನ ಮಾತೇ ಹೊರಡಲಿಲ್ಲ.

ಇಂತಹ ಕೆಲಸಕ್ಕೆ 'ಸ್ವಾಮಿ ಕೆಲಸ'ವೆಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸಿನಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ಇದು ಬಹುವಾಗಿ ನಡೆಯುತ್ತಿದ್ದಿತು. ಪಾತ್ರೆಯ ಆಕಾರವು ಆಂಗ್ಲರದು, ಮೇಲಿನ ದೇವತೆಗಳು ನಮ್ಮವರು, ಕೊಳ್ಳುವವರು ಬಹುಮಟ್ಟಿಗೆ ದೊರೆಗಳು. 1875-76ರಲ್ಲಿ ಭಾರತಕ್ಕೆ ಬಂದ ವೇಲ್ಸ್ ರಾಜಕುಮಾರನಿಗೆ ಸಂದ ಕಾಣಿಕೆಗಳಲ್ಲಿ ಮದರಾಸಿನ ಪಿ. ಓರ್ ಅಂಡ್ ಸನ್ಸ್‌ನವರು ಮಾಡಿದ ಇಂತಹ ಟೀ ಪಾತ್ರೆಗಳೂ ಇದ್ದುವು.

ಅದೇ ಕಾಲದಲ್ಲಿ ಅಮೆರಿಕದಲ್ಲಿಯೂ ಬೆಳ್ಳಿಯು ಪರದೇಶದ ವೇಷವನ್ನು ಧರಿಸುತ್ತಿದ್ದಿತು. 1853ರಲ್ಲಿ ಪೆರಿಯ ನೌಕೆಗಳು ಜಪಾನಿನ ತೀರವನ್ನು ಮುಟ್ಟಿದ ಮೇಲೆ ಆ ದೇಶದ ಚಿತ್ರಗಳೂ ಲೋಹದ ವಸ್ತುಗಳೂ ಕ್ರಮವಾಗಿ ಪಶ್ಚಿಮಕ್ಕೆ ಹರಿದುಬಂದುವು. 1876ರಲ್ಲಿ ಜಪಾನು ಸರ್ಕಾರವು ಖಡ್ಗಧಾರಣೆಯನ್ನು ನಿಷೇಧಿಸಿತು. ಕತ್ತಿಯ ಹಿಡಿಗೆ ಅಲಂಕಾರ ಮಾಡಿ ಬಾಳುತ್ತಿದ್ದ ಕುಶಲಿಗಳು ಪರದೇಶದ ಗಿರಾಕಿಗಳನ್ನು ನೆಚ್ಚಬೇಕಾಯಿತು. ನ್ಯೂಯಾರ್ಕಿನ ಟಿಫನಿ ಸಂಸ್ಥೆಯ ಎಡ್ವರ್ಡ್ ಮೂರ್ ಎಂಬಾತನು ಇಂತಹ ವಸ್ತುಗಳನ್ನು ಕೂಡಿಸಿ, ಮುಂದಿಟ್ಟುಕೊಂಡು ಕಲಿತನು. ಮೊದಮೊದಲು ಹೊಕುಸಾಯಿಯ ಚಿತ್ರಪುಸ್ತಕಗಳಿಂದ ಆಕೃತಿಗಳನ್ನು ನೇರವಾಗಿ ಎತ್ತಿಕೊಂಡದ್ದೂ ಉಂಟು. ಆದರೆ ಬರಬರುತ್ತ ಅವನ ಹೂಜಿಗಳ ಮೇಲೆ ಸುತ್ತಿಗೆಯ ಗುರುತುಗಳು ಉಜ್ಜಿ ಅಳಿಸದೆ ಉಳಿದುವು. ಆ ನೆಲದ ಮೇಲೆ ತಾಮ್ರದ ಮೀನೂ ಚಿನ್ನದ ಏರೋಪ್ಲೇನು ಚಿಟ್ಟೆಯೂ ಜೀವಗೊಂಡುವು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಬೆಳ್ಳಿಗೆ ಮಹಾಬಹುಮಾನವು ದೊರೆಯಿತು.

ಹಾಗಾದರೆ ಇದು ಕಳವೋ, ಕಲಿಕೆಯೋ? ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಕವಿಗಳ ಪರಸ್ಪರ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸಿರುವನು: ಕನ್ನಡಿಯ ಬಿಂಬದಂತಹುದು, ಚಿತ್ರಪಟದಂತಹುದು, ಎರಡು ದೇಹಗಳು ಒಂದನ್ನೊಂದು ಹೋಲುವಂತಹುದು. ಮೊದಲ ಎರಡನ್ನು ಬಿಡಬೇಕು. ಮೂರನೆಯದಕ್ಕೆ ತನ್ನದೇ ಆದ ಆತ್ಮವಿರುವುದರಿಂದ ಅದು ಗ್ರಾಹ್ಯ. ಮೂರನ ಕೆಲಸವು ಬಿಂಬದಿಂದ ಹೊರಟು ಮೂರನೆಯ ಬಗೆಯನ್ನು ಸೇರಿತೆಂದು ನನ್ನ ಮತ.

ನಮ್ಮ ಬೀದರಿನ ಕುಶಲಕಲೆಯೂ ಅಂತಹುದೇ. ಅದರ ಮೂಲವು ಇರಾನಿನದೆಂದು ಪ್ರತೀತಿ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕಹೊಯ್ದು, ಕೊರೆದು, ಬೆಳ್ಳಿಯನ್ನು ಕೂರಿಸುವರು. ಅನಂತರ ಬೀದರಿನ ಕೋಟೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಲೇಪಿಸಿದರೆ ನೆಲವು ಕಪ್ಪಾಗುವುದು, ಬೆಳ್ಳಿಯು ಬೆಳ್ಳಗೆ ನಿಲ್ಲುವುದು. ಬಂದ ವಿದ್ಯೆಗೆ ಈ ನೆಲದ ಮಣ್ಣೇ ಬಣ್ಣಕೊಟ್ಟಿತು. ಇದನ್ನು ಇನ್ನು ಪರಕೀಯವೆನ್ನುವವರು ಯಾರು?

ಮನುಷ್ಯನು ಹುಟ್ಟುತ್ತಲೇ ಋಣಿಯೆಂದು ನಮ್ಮ ಹಿರಿಯರ ಅಭಿಪ್ರಾಯ. ಅವುಗಳಲ್ಲಿ ಋಷಿಋಣವು ಹಣದಿಂದ ತೀರತಕ್ಕುದಲ್ಲ, ಅಧ್ಯಯನದಿಂದ ತೀರತಕ್ಕುದು. ಪರರಿಂದ ಪಡೆದ ಅಲಂಕಾರದ ಋಣವೂ ಇದೇ ಜಾತಿಯದು. ಬೆಲೆ ಕೊಟ್ಟೆವೆಂದಮಾತ್ರಕ್ಕೆ ಅದು ತೀರದು. ಮೂರನು 1891ರಲ್ಲಿ ತೀರಿಕೊಂಡಾಗ ತಾನು ಕೂಡಿಸಿದ್ದ ವಸ್ತುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಬಿಟ್ಟುಹೋದನು. ತಾನು ಕಲಿತುದನ್ನು ಮುಂದಿನವರೂ ಕಲಿಯಲೆಂದು ಬಿಡುವುದೇ ಋಣವಿಮೋಚನೆ.

ಸ್ವಾಮಿ ಕೆಲಸದಲ್ಲಿ ಕೊರತೆಯಾದುದು ಇದೇ. ಅಕ್ಕಸಾಲಿಗನನ್ನು ನಾನು ದೂರೆನು; ಅವನು ಮತ್ಸ್ಯಕೂರ್ಮರನ್ನು ಬಲ್ಲವನು, ಹೊಟ್ಟೆಗಾಗಿ ಕೆತ್ತಿದನು. ಮೀನೂ ಚಿಟ್ಟೆಯೂ ಊಟದ ಮೇಜಿನ ಮೇಲೆ ಕುಳಿತರೆ ಯಾರ ಮನಸ್ಸೂ ನೋಯದು. ಆರಾಧ್ಯಮೂರ್ತಿಯ ಮಾತು ಬೇರೆ. ಕೊಂಡವನು ಅದು ಯಾರೆಂದು ಕೇಳದಿದ್ದರೆ ದೇವರು ಬರಿಯ ಬಳ್ಳಿಯಾಗುವನು. ನಡುವಿನ ಡಾಬನ್ನು ಕೊರಳಿಗೆ ಹಾಕಿಕೊಂಡರೆ ನಗೆಗೀಡೆಂದು ಕ್ಷೇಮೇಂದ್ರನು ಔಚಿತ್ಯವನ್ನು ವಿವರಿಸಿದನಷ್ಟೆ. ಇಲ್ಲಿ ನಗೆಯ ಬದಲು ನೋವು.

ಆದರೆ ಕೇಳದಿದ್ದವನು ದೊರೆ ಮಾತ್ರವೇ? ಆ ಪಾತ್ರೆಯ ಹತ್ತು ಮೂರ್ತಿಗಳನ್ನು ಕ್ರಮವಾಗಿ ಹೆಸರಿಸೆಂದು ಆ ಮನೆಯ ಮೊಮ್ಮಗನನ್ನು ಕೇಳಿದೆನು. ನಾಲ್ಕಕ್ಕೆ ನಿಂತನು. ಆಗ ನನಗೆ ಉತ್ತರವು ಹೊಳೆಯಿತು. ಪಾತ್ರೆಯನ್ನು ಹೊರಗೆ ತೆಗೆಯಿರಿ, ಆದರೆ ದಿನದ ಕಾಫಿಗಲ್ಲ. ರಾಮನವಮಿಯಲ್ಲಿ ಪಾನಕ ಹೊಯ್ಯುವುದಕ್ಕೆ. ಅದನ್ನು ಬೇರೆಯಾಗಿ ತೊಳೆಯಿರಿ. ಹೊಯ್ಯುವ ಮುನ್ನ ಮಕ್ಕಳಿಗೆ ಒಂದೊಂದು ಮೂರ್ತಿಯ ಕಥೆಯನ್ನೂ ಹೇಳಿರಿ.

ಸೊಸೆಯು ಒಪ್ಪಿದಳು. ಅತ್ತೆಯವರು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. ಆದರೆ ಮತ್ಸ್ಯಾವತಾರದ ಕಥೆಯನ್ನು ಆ ಸಂಜೆಯೇ ಅವರು ಹೇಳಿ ಮುಗಿಸಿದರೆಂದು ಕೇಳಿದೆನು.