ಅಣ್ಣನ ಕಾಲು, ತಮ್ಮನ ಬೆಲೆ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತೇವೆ. ಅಮೆರಿಕದ ಕೆಂಟಕಿಯಲ್ಲಿ ರೇಸ್ ಕುದುರೆ ಕೊಳ್ಳುವವರು ಇಂಥದೇ ನಂಬಿಕೆಯ ಮೇಲೆ ಕೋಟಿಗಟ್ಟಲೆ ಹಣ ಸುರಿಯುತ್ತಾರೆ. ಹರಾಜಿಗೆ ಬರುವ ಒಂದು ವರ್ಷದ ಮರಿ ಇನ್ನೂ ಜೀನು ಹೊತ್ತು ಓಡಿಲ್ಲ. ಇರುವುದು ಎರಡೇ ಸಾಕ್ಷಿ: ಕ್ಯಾಟಲಾಗಿನಲ್ಲಿ ಅಚ್ಚಾದ ವಂಶ, ಕಣ್ಣೆದುರು ನಿಂತ ಮೈ. ಒಂದು ಹೌದೆಂದು ಇನ್ನೊಂದು ಅಲ್ಲವೆಂದಾಗ ನಾವು ಯಾವುದರ ಮಾತು ಕೇಳಬೇಕು?

ಮೈ ಚಾರ್ಮರ್ ಎಂಬ ತಾಯಿಕುದುರೆಯ ಎರಡು ಗಂಡುಮರಿಗಳನ್ನೇ ನೋಡೋಣ. ಮೊದಲನೆಯದರ ಬಲ ಮುಂಗಾಲು ಹೊರಕ್ಕೆ ತಿರುಗಿತ್ತು. 1975ರಲ್ಲಿ 17,500 ಡಾಲರಿಗೆ ಹೋಯಿತು. ಅದೇ ಸಿಯಾಟಲ್ ಸ್ಲ್ಯೂ. 1977ರಲ್ಲಿ ಒಂದೂ ಸೋಲು ಕಾಣದೆ ಮೂರು ದೊಡ್ಡ ರೇಸುಗಳ ಟ್ರಿಪಲ್ ಕ್ರೌನ್ ಗೆದ್ದಿತು. ಬೇರೆ ತಂದೆಗೆ ಹುಟ್ಟಿದ ತಮ್ಮ ಸಿಯಾಟಲ್ ಡ್ಯಾನ್ಸರ್ 1985ರಲ್ಲಿ ಕೀನ್‌ಲ್ಯಾಂಡ್ ಹರಾಜಿಗೆ ಬಂದಾಗ ಕೂಗು 1 ಕೋಟಿ 31 ಲಕ್ಷ ಡಾಲರಿಗೆ ನಿಂತಿತು. ಐರ್ಲೆಂಡಿನಲ್ಲಿ ಎರಡು ರೇಸು ಗೆದ್ದಿತು, ನಿಜ; ಆ ಬೆಲೆಗೆ ಅದು ಯಾವ ಲೆಕ್ಕ? ಅಣ್ಣನ ಸೊಟ್ಟ ಕಾಲಿಗೆ ಹಣ ಬಿಚ್ಚಲು ಹಿಂಜರಿದ ಮಾರುಕಟ್ಟೆ ತಮ್ಮನಿಗೆ ತೆತ್ತದ್ದು ಆ ಕಾಲು ಓಡಿದ ಓಟದ ಬೆಲೆಯನ್ನೇ ಅಲ್ಲವೆ?

ತಮ್ಮನ ಅಜ್ಜ ನಾರ್ದರ್ನ್ ಡ್ಯಾನ್ಸರ್‌ನ ಕತೆ ಇನ್ನೂ ಸ್ವಾರಸ್ಯ. 1962ರಲ್ಲಿ ಕೆನಡಾದಲ್ಲಿ 25,000 ಡಾಲರ್ ಕೊಟ್ಟು ಈ ಗಿಡ್ಡ ಮರಿಯನ್ನು ಒಯ್ಯುವವರೇ ಇರಲಿಲ್ಲ. ಎರಡು ವರ್ಷದ ಬಳಿಕ ಅದು ಕೆಂಟಕಿ ಡರ್ಬಿಯನ್ನು ಎರಡೇ ನಿಮಿಷದಲ್ಲಿ ಓಡಿ ಗೆದ್ದಿತು. 1983ರಲ್ಲಿ ಅದರ ಮಗ ಸ್ನಾಫಿ ಡ್ಯಾನ್ಸರ್‌ಗೆ 1 ಕೋಟಿ 2 ಲಕ್ಷ ಡಾಲರ್! ಆ ಮಗ ಒಂದು ರೇಸಿಗೂ ಇಳಿಯಲಿಲ್ಲ, ಸಂತಾನಕ್ಕೂ ಹೆಚ್ಚು ಒದಗಲಿಲ್ಲ. ನಾವು ಕೈಮುಗಿಯುವ ಮಹಾ ವಂಶ, ಹಿಂದೊಮ್ಮೆ ಯಾರಿಗೂ ಬೇಡವಾಗಿದ್ದ ಒಂದು ಮೈ.

ಹಾಗೆಂದು ಕಣ್ಣನ್ನು ನಂಬಿದವರು ಬೀಗಬೇಕಾಗಿಲ್ಲ. 2006ರಲ್ಲಿ ಫ್ಲಾರಿಡಾದಲ್ಲಿ ದಿ ಗ್ರೀನ್ ಮಂಕಿ ಎಂಬ ಎರಡು ವರ್ಷದ ಮರಿ ಒಂದು ಫರ್ಲಾಂಗನ್ನು 9.8 ಸೆಕೆಂಡಿನಲ್ಲಿ ಓಡಿ ತೋರಿಸಿತು. ನೋಡಿದವರು 1 ಕೋಟಿ 60 ಲಕ್ಷ ಡಾಲರ್ ಕೊಟ್ಟರು. ಮೂರು ರೇಸು ಓಡಿತು, ಒಂದನ್ನೂ ಗೆಲ್ಲಲಿಲ್ಲ. ಒಂಟಿಯಾಗಿ ಓಡುವುದೇ ಬೇರೆ, ಪಕ್ಕದ ಕುದುರೆ ಮುಂದಾಗುವಾಗ ಬಿಟ್ಟುಕೊಡದೆ ಓಡುವುದೇ ಬೇರೆ. ಆ ಛಲವನ್ನು ಯಾವ ಗಡಿಯಾರ ಅಳೆದೀತು?

ಹಾಗಾದರೆ ಎರಡೂ ಒಂದೇ ತೂಕವೆ? ನನಗೆ ಹಾಗನ್ನಿಸುವುದಿಲ್ಲ. ಮೊದಲು ಯಾವುದನ್ನು ನೋಡುತ್ತೇವೆ ಎಂಬುದರಲ್ಲೇ ಅರ್ಧ ತೀರ್ಪು ಆಗಿಬಿಟ್ಟಿರುತ್ತದೆ. ಲಾಯದ ಮುಂದೆ ಆಳು ಮರಿಯನ್ನು ದೂರಕ್ಕೆ ನಡೆಸಿ, ತಿರುಗಿಸಿ, ನೇರ ನಮ್ಮತ್ತಲೇ ತರುತ್ತಾನೆ. ಬಲ್ಲವರು ಕಣ್ಣು ಕಿರಿದು ಮಾಡಿ ಮುಂಗಾಲು ಬೀಳುವ ಗೆರೆ ನೋಡುತ್ತಾರೆ, ಮೊಣಕಾಲಿನಿಂದ ಗೊರಸಿನವರೆಗೆ ಅಂಗೈ ಸವರಿ ಬಿಸಿಯಿದೆಯೇ ಎಂದು ತಿಳಿಯುತ್ತಾರೆ. ಕ್ಯಾಟಲಾಗ್ ಓದಿಯೇ ಬಂದವರ ಕಣ್ಣು ಮಾತ್ರ ಅಲ್ಲಿ ಸ್ವತಂತ್ರವಾಗಿ ಉಳಿದಿರುವುದಿಲ್ಲ. ಹೆಸರಾಂತ ಮರಿಯ ಮೊಣಕಾಲು ಹಿಂದಕ್ಕೆ ಬಾಗಿದ್ದರೆ 'ಅದರ ಅಜ್ಜಿಗೂ ಹಾಗೇ ಇತ್ತು' ಎಂಬ ಸಮಾಧಾನ. ಹೆಸರಿಲ್ಲದ್ದಕ್ಕೆ ಅದೇ ಊನ. ನಮ್ಮ ಸಂಬಂಧ ನೋಡುವ ಮನೆಗಳಲ್ಲೂ ಹೀಗೇ ಅಲ್ಲವೆ? ದೊಡ್ಡ ಮನೆತನದ ಹುಡುಗನ ಮುಂಗೋಪ ಗತ್ತು, ಇಲ್ಲದವನದಾದರೆ ಸೊಕ್ಕು. ಅಂಥದೇ ಮೊಣಕಾಲಿನ ಕುದುರೆ ಜಾನ್ ಹೆನ್ರಿ 1976ರಲ್ಲಿ 1,100 ಡಾಲರಿಗೆ ಬಿಕರಿಯಾಗಿ, ಒಂಬತ್ತನೆಯ ವಯಸ್ಸಿನವರೆಗೂ ಓಡಿ, 65 ಲಕ್ಷ ಡಾಲರಿಗೂ ಹೆಚ್ಚು ಗಳಿಸಿತು.

ಆದ್ದರಿಂದ ಪುಟ ಮುಚ್ಚಿಟ್ಟು ಮೊದಲು ಮೈ ನೋಡುವುದು ಮೇಲು. ಮೈ ಸುಳ್ಳಾಡುವುದಿಲ್ಲ ಎಂದಲ್ಲ. ಅದರ ಕುಂದಾಗಲಿ ಚಂದವಾಗಲಿ ಅದರದೇ. ವಂಶದ ಹಿರಿಮೆ ಇನ್ನೊಬ್ಬರು ಓಡಿ ಗಳಿಸಿಟ್ಟದ್ದು. ಆಮೇಲೆ ಪುಟ ತೆರೆದಾಗಲೂ ದೊಡ್ಡ ರೇಸುಗಳಲ್ಲಿ ಗೆದ್ದ ಇಲ್ಲವೆ ಸ್ಥಾನ ಪಡೆದ ಕುದುರೆಗಳ ಹೆಸರಷ್ಟೇ ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ. ಅದೇ ತಾಯಿ ಹೆತ್ತ ಉಳಿದ ಮರಿಗಳು ಏನಾದವು ಎಂದು ಕೂಗು ಏರುತ್ತಿರುವ ಹೊತ್ತಿನಲ್ಲಿ ಕೇಳುವವರು ಎಷ್ಟು ಮಂದಿ?