ಸಿಕ್ಕಿಕೊಂಡದ್ದನ್ನು ಬಿಡಿಸುವ ಬಗೆ

 

ಇಂದಿನ ಚಿಂತನೆ: ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನ.

ಮರೋಳದ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪನ ಯೆಜ್ಡಿ ಬೈಕು ಹನ್ನೊಂದು ವರ್ಷ ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಅದರ ಮೇಲೆಯೇ ಅಪ್ಪ ಅವ್ವನನ್ನು ಐಹೊಳೆಗೆ ಕರೆದೊಯ್ದು, ಮೇಗುತಿ ಗುಡ್ಡದ ಬೌದ್ಧ ಗುಡಿಯ ಛಾವಣಿಯಲ್ಲಿ ಕೆತ್ತಿದ ಬುದ್ಧನನ್ನು ತೋರಿಸಿದ್ದರು. ಹೋದ ಬೇಸಿಗೆಯಲ್ಲಿ ಬೈಕನ್ನು ಮತ್ತೆ ಓಡಿಸಬೇಕೆಂದು ಕಾರ್ಬುರೇಟರ್ ಬಿಚ್ಚಲು ಕೂತೆ.

ಹಳೆಯ ಪೆಟ್ರೋಲ್ ಆರಿಹೋಗಿ ಆಯಿಲ್ ಅಂಟಾಗಿ ನಿಂತಿತ್ತು. ಸ್ಲೈಡ್ ಅಲುಗಲಿಲ್ಲ. ಹಿತ್ತಾಳೆಯ ಮೇನ್ ಜೆಟ್ ತಿರುಗಲಿಲ್ಲ. ನಾನು ಸಿಟ್ಟಿನಿಂದ ಕೈಗೆ ಸಿಕ್ಕ ಸ್ಕ್ರೂ ಡ್ರೈವರ್ ಹಾಕಿ ತಿರುವಿದೆ. ಜೆಟ್‌ನ ಗೀರು ಕಿತ್ತುಹೋಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಜೆಟ್ ಎಲ್ಲಾದರೂ ಸಿಕ್ಕೀತು, ಬಾಡಿ ಒಡೆದರೆ ಸಿಗುವುದು ಕಷ್ಟ.

ಇಳಕಲ್ಲಿನ ಒಬ್ಬ ಹಿರಿಯ ಮಿಸ್ತ್ರಿಯ ಬಳಿ ಒಯ್ದೆ. ಅವರು ನೋಡಿ ಹೇಳಿದರು: "ತಮ್ಮಾ, ಇದು ನಿನ್ನ ಮ್ಯಾಲೆ ಹಟ ಮಾಡಾಕತ್ತಿಲ್ಲ. ಹನ್ನೊಂದು ವರ್ಷ ಯಾರೂ ಕೇಳಿಲ್ಲಂತ ಹಿಂಗಾಗೈತಿ."

ಮೂರು ದಿನ ಎಣ್ಣೆಯಲ್ಲಿ ನೆನೆಸಿಟ್ಟರು. ಆಮೇಲೆ ಚೆನ್ನಾಗಿ ತೊಳೆದು ಕುದಿಯುವ ನೀರಿನಲ್ಲಿ ಮುಳುಗಿಸಿದರು. ಪೆಟ್ರೋಲ್ ಇದ್ದ ಸಾಮಾನಿಗೆ ಬೆಂಕಿ ಹಿಡಿಯಬಾರದು ಎಂದರು. ಬಿಸಿಯಾದಾಗ ಸತುವಿನ ಬಾಡಿ ಹಿತ್ತಾಳೆಗಿಂತ ಹೆಚ್ಚು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಜೆಟ್‌ನ ತಲೆಗೆ ಹೊಸ ಗೀರು ಕೊರೆದು, ಅದಕ್ಕೆ ಸರಿಯಾಗಿ ಕೂರುವ ಸ್ಕ್ರೂ ಡ್ರೈವರ್ ಹಾಕಿದರು. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದರು, ನಂತರ ಸಡಿಲಿಸಿದರು. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ. ಜೆಟ್ ಹೊರಬಂತು. ಬಾಡಿಗೆ ಒಂದು ಗೀಚೂ ಇಲ್ಲ.

ಬಂಧುಗಳೇ, ಅವತ್ತು ನನಗೆ ನೆನಪಾದದ್ದು ಅವ್ವ.

ದೀಕ್ಷೆ ತೆಗೆದುಕೊಂಡ ವಾರದಲ್ಲೇ ನಾನು 22 ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಓದಿ, ಅವ್ವನ ಜಗಲಿ ಮೇಲಿನ ಎಲ್ಲಮ್ಮನನ್ನು ಎತ್ತಿ ಹೊರಗಿಟ್ಟಿದ್ದೆ. ಅವ್ವ ಒಂದು ಮಾತೂ ಆಡಲಿಲ್ಲ. ಮರುದಿನ ಅಕ್ಕನ ಮನೆಗೆ ಹೋದಳು. ಎಂಟು ತಿಂಗಳು ಬರಲಿಲ್ಲ. ಅವಳದು ಹಟ ಎಂದೇ ಎಲ್ಲರಿಗೂ ಹೇಳುತ್ತಿದ್ದೆ.

ಮಜ್ಝಿಮ ನಿಕಾಯದ ವಿತಕ್ಕಸಂಠಾನ ಸುತ್ತದಲ್ಲಿ ಬುದ್ಧರು ಬಡಗಿಯ ಉದಾಹರಣೆ ಕೊಡುತ್ತಾರೆ. ಜಾಣ ಬಡಗಿ ಒರಟು ಗೂಟವನ್ನು ಸಣ್ಣ ಗೂಟದಿಂದ ಹೊರಗೆ ತಳ್ಳುತ್ತಾನೆ. ಇದು ಕೆಟ್ಟ ಯೋಚನೆಯ ಜಾಗಕ್ಕೆ ಒಳ್ಳೆಯ ಯೋಚನೆ ತರುವ ಬಗ್ಗೆ ಹೇಳಿದ್ದು. ನಾನು ಏನು ಮಾಡಿದ್ದೆ? ಅವ್ವನ ಕೈಯಿಂದ ಒಂದನ್ನು ಕಸಿದುಕೊಂಡಿದ್ದೆ, ಆ ಜಾಗಕ್ಕೆ ಏನನ್ನೂ ಕೊಟ್ಟಿರಲಿಲ್ಲ.

"ಹಾಗಾದರೆ ಎಲ್ಲದಕ್ಕೂ ಕಾಯುತ್ತಾ ಕೂರಬೇಕೇ?" ಎಂದು ಕೆಲವರು ಕೇಳಬಹುದು. ಇಲ್ಲ. ಹಕ್ಕಿನ ಮಾತು ಬಂದಾಗ ಬಾಬಾಸಾಹೇಬರು ಕಾಯಲಿಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ನಮ್ಮನ್ನು ತುಳಿಯುವವರ ಮುಂದೆ ತಾಳ್ಮೆ ಧಮ್ಮವಲ್ಲ. ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು 1935ರಲ್ಲಿ ಯೇವಲಾದಲ್ಲಿ ಘೋಷಿಸಿದ ಅದೇ ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರಲ್ಲಿ. ಆ 21 ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. ಓದಿದರು, ಯೋಚಿಸಿದರು, ಜನರನ್ನು ಸಿದ್ಧಗೊಳಿಸಿದರು. ನಮ್ಮವರ ಮನಸ್ಸಿಗೆ ಅಷ್ಟು ಸಮಯ ಬೇಕಾಗುತ್ತದೆ. ಮಿಸ್ತ್ರಿಯೂ ಆ ಮೂರು ದಿನ ಬೆಳಿಗ್ಗೆ ಸಂಜೆ ಎಣ್ಣೆ ಹನಿಸುತ್ತಲೇ ಇದ್ದರು.

ಅಕ್ಕನ ಮನೆಗೆ ಹೋದೆ. ಈ ಸಲ ವಾದ ಮಾಡಲಿಲ್ಲ. "ಅವ್ವಾ, ಜಗಲಿ ಮುಂದ ಕುಂತು ಏನ್ ಮಾತಾಡತಿದ್ದಿ?" ಎಂದು ಕೇಳಿದೆ. ನಾನು ಹುಟ್ಟುವ ಮೊದಲು ಮೂರು ವರ್ಷದ ನನ್ನ ಅಣ್ಣ ಜ್ವರದಿಂದ ತೀರಿಕೊಂಡಿದ್ದನಂತೆ. ಆ ರಾತ್ರಿ ಅವಳ ಅಳು ಕೇಳಲು ಆ ಜಗಲಿ ಬಿಟ್ಟು ಬೇರೆ ಯಾರೂ ಇರಲಿಲ್ಲವಂತೆ. ನಲವತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ನಾನು ಕ್ಷಮೆ ಕೇಳಿದೆ. ತಿಂಗಳ ಮೇಲೆ ಅವ್ವ ಮನೆಗೆ ಬಂದಳು. ಸಂಜೆ ನಾವು ತ್ರಿಶರಣ ಹೇಳುವಾಗ ಬಾಗಿಲ ಹತ್ತಿರ ಕೂರುತ್ತಾಳೆ. ಎಲ್ಲಮ್ಮ ಅವಳ ಟ್ರಂಕಿನಲ್ಲಿದ್ದಾಳೆ ಎಂದು ನನಗೆ ಗೊತ್ತು. ಆ ಟ್ರಂಕನ್ನು ನಾನು ತೆರೆಯುವುದಿಲ್ಲ. ಬೈಕು ಈಗ ಓಡುತ್ತಿದೆ. ಹೋದ ಭಾನುವಾರ ಅವಳೇ ಕೇಳಿದಳು, "ಐಹೊಳಿಗೆ ಯಾವಾಗ ಹೋಗೂಣು?"

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲಿ ಯಾರನ್ನು ಹಟಮಾರಿ ಎನ್ನುತ್ತೀರೋ ಅವರ ಹತ್ತಿರ ಹತ್ತು ನಿಮಿಷ ಕೂತು ಒಂದು ಪ್ರಶ್ನೆ ಕೇಳಿ. ಉತ್ತರ ಮುಗಿಯುವವರೆಗೆ ನಡುವೆ ಮಾತಾಡಬೇಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.